ಅಜ್ಜಿಯಂದಿರು ಹೊರಗಿದ್ದ ತರಗತಿ

ಮುಂಬಯಿ ಬಳಿಯ ಡೊಂಬಿವಲಿಯಲ್ಲಿರುವ ನಮ್ಮ ಸೊಸೈಟಿಯ ಹಾಲ್‌ನಲ್ಲಿ, ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರ, ತಂದೆತಾಯಂದಿರಿಗೆಂದು ಪ್ರಥಮ ಚಿಕಿತ್ಸೆಯ ತರಗತಿ ಏರ್ಪಾಡಾಗಿತ್ತು. ಕಲಿಸಲು ಬಂದವರು ತಮ್ಮ ಕೆಲಸವನ್ನು ಚೆನ್ನಾಗಿ ಬಲ್ಲವರು. ರಬ್ಬರಿನ ಕೂಸೊಂದನ್ನು ತಂದಿದ್ದರು, ಪ್ರೊಜೆಕ್ಟರ್ ಹಾಕಿಸಿದ್ದರು, ಕೊನೆಯಲ್ಲಿ ಪ್ರಶ್ನೆ ಕೇಳಲು ಸಮಯವನ್ನೂ ಕೊಟ್ಟಿದ್ದರು. ಐಟಿಯವರು, ಬ್ಯಾಂಕಿನವರು, ಶಾಲೆಯ ಶಿಕ್ಷಕಿಯರು ಎಲ್ಲರೂ ಬಂದಿದ್ದರು. ಗಂಡಹೆಂಡಿರು ಜೊತೆಯಾಗಿ ಕುಳಿತು ಮೊಬೈಲಿನಲ್ಲಿ ಸ್ಲೈಡುಗಳ ಫೋಟೊ ತೆಗೆದುಕೊಳ್ಳುತ್ತಿದ್ದರು. ಪಾಠಕ್ಕೆ ಅಡ್ಡಿಯಾಗಬಾರದೆಂದು ಮಕ್ಕಳನ್ನೆಲ್ಲ ಅಂಗಳಕ್ಕೆ ಕಳುಹಿಸಲಾಗಿತ್ತು. ಅವರನ್ನು ನೋಡಿಕೊಳ್ಳಲು ಅಜ್ಜಿಯಂದಿರು, ಒಂದಿಬ್ಬರು ಅಜ್ಜಂದಿರು, ಮೂರನೆಯ ಮಹಡಿಯ ಮನೆಯಲ್ಲಿ ಮಗು ನೋಡಿಕೊಳ್ಳುವ ಮಾವಶಿ, ಇವರೆಲ್ಲ ಹೊರಗೆ ಕುಳಿತಿದ್ದರು. ಕುರ್ಚಿ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ಬಾಗಿಲ ಬಳಿಯೇ ನಿಂತಿದ್ದೆ. ಒಳಗೂ ಹೊರಗೂ ಕಾಣುತ್ತಿತ್ತು. ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಒಳಗೆ ತೋರಿಸುತ್ತಿದ್ದ ಹೊತ್ತಿಗೇ ಹೊರಗೆ ಒಬ್ಬ ಅಜ್ಜಿ, ಓಡಾಡುವ ಮೊಮ್ಮಗನ ಹಿಂದೆ ತಿರುಗುತ್ತ, ಅವನ ಬಾಯಿಗೆ ಒಂದೊಂದಾಗಿ ಹುರಿದ ಶೇಂಗಾ ಹಾಕುತ್ತಿದ್ದರು.

ಒಳಗಿದ್ದವರಲ್ಲಿ ಹೆಚ್ಚಿನವರು ಮಾರನೆಯ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ಹೊರಟುಬಿಡುವವರು. ದಕ್ಷಿಣ ಮುಂಬಯಿಯ ಕೊನೆಯ ನಿಲ್ದಾಣವಾದ ಸಿಎಸ್‌ಎಂಟಿಯವರೆಗೆ ಹೋಗುವವರಿಗೆ ರೈಲಿನಲ್ಲೇ ಒಂದು ಗಂಟೆಗೂ ಮೇಲೆ ಕಳೆಯುತ್ತದೆ. ಉಸಿರುಗಟ್ಟಿದ ಮಗುವಿನ ಮಿದುಳಿಗಾದರೋ, ಆಮ್ಲಜನಕ ನಿಂತ 4ರಿಂದ 6 ನಿಮಿಷದೊಳಗೆ ಹಾನಿ ಆರಂಭವಾಗುತ್ತದೆ. ತಂದೆತಾಯಿಗೆ ಕಲಿಸಿದ ವಿದ್ಯೆ ಹಗಲು ಹೊತ್ತಿನಲ್ಲಿ ಮನೆಯಲ್ಲೇ ಇರುವುದಿಲ್ಲ ಎಂದಾಯಿತು. ಮುಂಬಯಿಯ ನಮ್ಮವರ ಮನೆಗಳಲ್ಲಿ ಮಗು ಬೆಳೆಯುವುದು ಬಾಣಂತನಕ್ಕೆಂದು ಊರಿನಿಂದ ಬಂದು ಇಲ್ಲಿಯೇ ಉಳಿದುಕೊಂಡ ಅಜ್ಜಿಯ ಕೈಯಲ್ಲಿ, ಇಲ್ಲವೇ ಹಗಲು ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರ್‌ನಲ್ಲಿ, ಇಲ್ಲವೇ ಮನೆಗೆ ಬರುವ ಮಾವಶಿಯ ಮಡಿಲಲ್ಲಿ. ಇದು ಎಲ್ಲರಿಗೂ ಗೊತ್ತಿದೆ. ಆದರೂ ಮಕ್ಕಳ ಸುರಕ್ಷತೆಯ ಬಗ್ಗೆ ಯಾವ ಕರಪತ್ರ ತೆರೆದರೂ ಅದು ತಾಯಿಯನ್ನೇ ಕೂಗಿ ಕರೆಯುತ್ತದೆ.

ಎಲ್ಲರ ಕೈಯೂ ಮಗುವಿನ ಮೇಲೆ

ಸಂಕ್ರಾಂತಿಯಲ್ಲಿ ಪುಟ್ಟ ಮಕ್ಕಳಿಗೆ ಹಣ್ಣೆರೆಯುವ ಪದ್ಧತಿ ನಮ್ಮಲ್ಲೂ ಇದೆ, ಮರಾಠಿಗರಲ್ಲೂ ಇದೆ. ಅವರು ಬೋರ್‌ನ್ಹಾಣ್ ಎನ್ನುತ್ತಾರೆ. ನಮ್ಮ ಕಟ್ಟಡದಲ್ಲಿ ಎರಡೂ ಬೆರೆತುಹೋಗಿವೆ. ಕೆಲವು ವರ್ಷಗಳ ಹಿಂದೆ ಒಂದು ಕನ್ನಡದ ಮನೆಯಲ್ಲಿ, ಆಗತಾನೆ ವರ್ಷ ತುಂಬಿದ್ದ ಮಗುವಿಗೆ ಕಪ್ಪು ಫ್ರಾಕ್ ತೊಡಿಸಿ, ಕುಸುರೆಳ್ಳಿನ ಸರ ಹಾಕಿ, ಮಣೆಯ ಮೇಲೆ ಕೂರಿಸಿದ್ದರು. ಸೇರಿನಲ್ಲಿ ಚುರುಮುರಿ, ಬೋರೆಹಣ್ಣು, ಕಬ್ಬಿನ ತುಂಡು, ಚಾಕಲೇಟು, ಚಿಲ್ಲರೆ ನಾಣ್ಯ. ಹೆಂಗಸರು ಒಬ್ಬೊಬ್ಬರಾಗಿ ಮಗುವಿನ ನೆತ್ತಿಯ ಮೇಲಿಂದ ಎರೆದರು, ದೊಡ್ಡ ಮಕ್ಕಳು ನೆಲದ ಮೇಲೆ ಬಿದ್ದು ಆರಿಸಿಕೊಳ್ಳತೊಡಗಿದರು. ಆ ಗದ್ದಲದಲ್ಲಿ ಮಗುವೂ ಎಲ್ಲರಂತೆ ಒಂದು ಹಿಡಿ ಎತ್ತಿಕೊಂಡು ಬಾಯಿಗೆ ತುರುಕಿಕೊಂಡಿತು. ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲ ವಸ್ತುಗಳ ಪಟ್ಟಿ ಮಾಡಲು ಯಾರಾದರೂ ವೈದ್ಯರನ್ನು ಕೂರಿಸಿದ್ದರೆ ಆ ಸೇರಿನೊಳಗಿದ್ದುದನ್ನೇ ಬರೆದುಕೊಡುತ್ತಿದ್ದರೇನೋ.

ಮಗು ಕೆಮ್ಮಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಮತ್ತೆ ಮತ್ತೆ ಕೆಮ್ಮಿತು. ಅಲ್ಲಿದ್ದವರ ಕೈಗಳೆಲ್ಲ ಒಟ್ಟಿಗೆ ಮುಂದೆ ಬಂದವು. ಒಬ್ಬರು ನೆತ್ತಿ ತಟ್ಟಿ "ಯಾರೋ ನೆನೆಸಿಕೊಳ್ಳುತ್ತಿದ್ದಾರೆ" ಎಂದರು. ಒಬ್ಬರು ನೆತ್ತಿಯ ಮೇಲೆ ಉಫ್ ಎಂದು ಊದಿದರು. ಇನ್ನೊಬ್ಬರು ಗದ್ದ ಎತ್ತಿ "ಮೇಲೆ ನೋಡು ಪುಟ್ಟಿ, ಗುಬ್ಬಿ ನೋಡು" ಎಂದರು. ನೀರಿನ ಲೋಟ ಬಂತು. ಸೋದರಮಾವ ಕಾಲು ಹಿಡಿದು ತಲೆಕೆಳಗು ಮಾಡಲು ಹೊರಟ. ಅಜ್ಜಿ ತೋರುಬೆರಳನ್ನು ಮಗುವಿನ ಬಾಯೊಳಗೆ ಹಾಕಿಯೇಬಿಟ್ಟರು. ಆಗ ಎರಡನೆಯ ಮಹಡಿಯ ಸಿಸ್ಟರ್ ಅಜ್ಜಿಯ ಮಣಿಕಟ್ಟನ್ನು ಹಿಡಿದು ಪಕ್ಕಕ್ಕೆ ಸರಿಸಿ, "ಖೋಕೂ ದ್ಯಾ ತಿಲಾ" ಎಂದರು. ಕೆಮ್ಮಲಿ, ಬಿಡಿ. ಅವರು ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಮಗುವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಎದೆಯ ಕೆಳಗೆ ಅಂಗೈ ಆಸರೆ ಕೊಟ್ಟು ಸುಮ್ಮನೆ ಕುಳಿತರು. ನೋಡುತ್ತಿದ್ದವರಿಗೆ ಆ ಸುಮ್ಮನಿರುವಿಕೆ ಕಟುಕತನದಂತೆ ಕಂಡಿತು. ಇನ್ನೊಂದೆರಡು ಜೋರಾದ ಕೆಮ್ಮಿನ ಜೊತೆ ಜೊಲ್ಲಿನೊಂದಿಗೆ ಕಬ್ಬಿನ ನಾರಿನ ತುಣುಕೊಂದು ಹೊರಗೆ ಬಂತು.

ಸಿಸ್ಟರ್ ಮಾಡಿದ್ದರ ಹಿಂದಿನ ತಿಳಿವಳಿಕೆ ಸರಳವಾದದ್ದು. ಸದ್ದು ಮಾಡಿ ಕೆಮ್ಮುವ ಮಗುವಿನ ಗಂಟಲಲ್ಲಿ ಗಾಳಿ ಇನ್ನೂ ಓಡಾಡುತ್ತಿದೆ. ಆ ಕೆಮ್ಮಿನಷ್ಟು ಬಲವಾಗಿ ಹೊರದೂಡುವ ಉಪಾಯ ನಮ್ಮ ಕೈಯಲ್ಲಿಲ್ಲ. ಭಯಪಡಬೇಕಾದದ್ದು ಕೆಮ್ಮು ನಿಂತು, ಅಳುವೂ ಹೊರಡದೆ, ತುಟಿ ನೀಲಿಯಾಗತೊಡಗಿದಾಗ. ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಿದರೆ ಅದು ಇನ್ನಷ್ಟು ಒಳಕ್ಕೆ ಹೋಗಿ ಕೂರುತ್ತದೆ. ಗದ್ದ ಎತ್ತಿಸಿದರೆ ವಸ್ತು ಹೊರಗೆ ಬರುವ ದಾರಿಯೇ ತಪ್ಪುತ್ತದೆ; ನೀರು ಶ್ವಾಸನಾಳಕ್ಕೆ ಇಳಿಯಬಹುದು. ನೆತ್ತಿ ತಟ್ಟುವುದರಿಂದ ಕೆಡುಕಿಲ್ಲ, ಒಳಿತೂ ಇಲ್ಲ. ಸಮಯ ಹೋಗುತ್ತದೆ ಅಷ್ಟೆ.

ಆದರೆ ಅಂದು ನನ್ನ ಗಮನ ಹೆಚ್ಚಾಗಿ ಹೋದದ್ದು ಮಗುವಿನ ತಾಯಿಯ ಕಡೆಗೆ. ಬೆರಳು ಹಾಕಬಾರದೆಂಬುದು ಆಕೆಗೆ ಗೊತ್ತಿತ್ತು; ಗರ್ಭಿಣಿಯಾಗಿದ್ದಾಗಲೇ ಓದಿಕೊಂಡಿದ್ದಳಂತೆ. "ಅತ್ತೇ, ಬೇಡ" ಎಂದು ಮೆಲ್ಲಗೆ ಅಂದಿದ್ದಳು ಕೂಡ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಐದು ಮಕ್ಕಳನ್ನು ಹೆತ್ತು ಸಾಕಿದ ಅತ್ತೆಯ ಕೈಯನ್ನು, ನೆಂಟರ ಎದುರಿಗೆ, ಒಂದೇ ಮಗುವಿನ ತಾಯಿಯಾದ ಸೊಸೆ ಹಿಡಿದು ತಡೆಯುವುದು ನಮ್ಮ ಯಾವ ಮನೆಯಲ್ಲೂ ಸುಲಭವಲ್ಲ. ಸಿಸ್ಟರ್ ಹಿಡಿದರು, ಅಜ್ಜಿ ಬಿಟ್ಟುಕೊಟ್ಟರು. ವಿಷಯ ತಿಳಿದಿದ್ದರೆ ಸಾಲದು, ತಿಳಿದವರಿಗೆ ಆ ಕ್ಷಣದಲ್ಲಿ ಮಾತಾಡುವ ಸ್ಥಾನವೂ ಇರಬೇಕು. ಮನೆಯಲ್ಲಿ ಆ ಸ್ಥಾನ ಇರುವವರಿಗೇ ನೇರವಾಗಿ ಕಲಿಸುವುದು ಇದಕ್ಕಿರುವ ಸುಲಭದ ದಾರಿ ಎಂದು ನನಗೆ ತೋರುತ್ತದೆ.

(ಹಣ್ಣೆರೆಯುವುದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹೂವಿನ ದಳ ಎರೆದು, ಹಣ್ಣು ಕಬ್ಬು ನಾಣ್ಯಗಳನ್ನು ತಟ್ಟೆಯಲ್ಲಿಟ್ಟು ದೊಡ್ಡ ಮಕ್ಕಳಿಗೆ ಹಂಚಿದರೆ ಸಂಕ್ರಾಂತಿಗೆ ಏನೂ ಕೊರತೆಯಾಗದು. ಎಳ್ಳುಬೆಲ್ಲದಲ್ಲಿರುವ ಶೇಂಗಾ, ಹುರಿಗಡಲೆ, ಒಣಕೊಬ್ಬರಿಯ ಚೂರು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೇಡ. ಕುಟ್ಟಿ ಪುಡಿ ಮಾಡಿದರೆ ಆದೀತು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿಯೇ ಕೊಡಬೇಕು.)

ಕಾಲು ಚಾಚಿ ಕುಳಿತವರು

ಅಂಗಳದ ಆ ದೃಶ್ಯದ ನಂತರ ನಾವು ಕೆಲವರು ಸೇರಿ ಸಿಸ್ಟರ್ ಅವರನ್ನೇ ಕೇಳಿಕೊಂಡೆವು. ಭಾನುವಾರವಲ್ಲ, ವಾರದ ನಡುವೆ, ಮಧ್ಯಾಹ್ನ ಮೂರರ ಹೊತ್ತಿಗೆ: ಆಗ ಅಜ್ಜಿಯಂದಿರ ಊಟ ಮುಗಿದಿರುತ್ತದೆ, ಮಕ್ಕಳು ಮಲಗಿರುತ್ತಾರೆ, ಮಾವಶಿಯರಿಗೂ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಬಿಡುವಿರುತ್ತದೆ. ಪ್ರೊಜೆಕ್ಟರ್ ಇರಲಿಲ್ಲ. ಸಿಸ್ಟರ್ ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದ ಅಜ್ಜಿಯಂದಿರಿಗೆ ಹೇಳುತ್ತಿದ್ದೆ, ಅವರಲ್ಲಿ ಕೆಲವರು ನನಗಿಂತ ಮೊದಲೇ ಅರ್ಥ ಮಾಡಿಕೊಂಡು ತಲೆದೂಗುತ್ತಿದ್ದರು.

ಕೂಸಿನ ಉಸಿರು ಸಿಕ್ಕಿಕೊಂಡಾಗ ಅದನ್ನು ಹಿಡಿಯುವ ಬಗೆಯನ್ನು ತೋರಿಸುವಾಗ ನಾನು ಎಣಿಸಿರದ ಒಂದು ಸಂಗತಿ ಕಂಡಿತು. ಭಾನುವಾರದ ತರಗತಿಯಲ್ಲಿ ತರುಣ ತಂದೆಯೊಬ್ಬ ರಬ್ಬರಿನ ಕೂಸನ್ನು ತೋಳಿನ ಮೇಲೆ ಬೋರಲು ಹಾಕಿಕೊಳ್ಳಲು ಪಾಡುಪಟ್ಟಿದ್ದ. ಅದು ಎರಡು ಸಲ ಜಾರಿ ನೆಲಕ್ಕೆ ಬಿದ್ದಿತ್ತು. ಇಲ್ಲಿ ಅಜ್ಜಿಯಂದಿರು ಕೂಸನ್ನು ಕೇಳಿ ಪಡೆದು, ನೆಲದ ಮೇಲೆ ಕಾಲು ಚಾಚಿ ಕುಳಿತು, ಎರೆಯುವಾಗ ಮಲಗಿಸಿಕೊಳ್ಳುವ ಹಾಗೆಯೇ ಅದನ್ನು ಕಾಲ ಮೇಲೆ ಬೋರಲು ಹಾಕಿ, ಗದ್ದಕ್ಕೆ ಕೈ ಕೊಟ್ಟರು. ಎಷ್ಟೋ ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆದ ಕೈಗಳು ಅವು. ತಿದ್ದಬೇಕಾದದ್ದು ಸ್ವಲ್ಪವೇ. ಎರೆಯುವಾಗ ಕೂಸು ಮಟ್ಟಸವಾಗಿ ಮಲಗಿರುತ್ತದೆ, ಇಲ್ಲಿ ತಲೆ ಎದೆಗಿಂತ ಕೆಳಗಿರಬೇಕು. ಕೈ ದವಡೆಯನ್ನು ಹಿಡಿಯಬೇಕು, ಮೆತ್ತನೆಯ ಕತ್ತನ್ನು ಅದುಮಬಾರದು. ತಟ್ಟುವುದು ಲಾಲಿಸುವಂತಲ್ಲ, ಅಂಗೈಯ ಬುಡದಿಂದ, ಎರಡು ಹೆಗಲೆಲುಬುಗಳ ನಡುವೆ, ಬಲವಾಗಿ ಐದು ಪೆಟ್ಟು. ಆಮೇಲೆ ತಲೆ ಕೆಳಗಾಗಿಯೇ ಇರುವಂತೆ ಕೂಸನ್ನು ಅಂಗಾತ ತಿರುಗಿಸಿ, ಮೊಲೆತೊಟ್ಟುಗಳ ಗೆರೆಗೆ ತುಸು ಕೆಳಗೆ, ಎದೆಯ ನಡುವೆ ಐದು ಸಲ ಒತ್ತಬೇಕು. ಬಾಯಲ್ಲಿ ವಸ್ತು ಕಣ್ಣಿಗೆ ಕಂಡರೆ ಮಾತ್ರ ತೆಗೆಯಬೇಕು. ಹೊರಗೆ ಬರುವವರೆಗೆ ಇದನ್ನೇ ಮುಂದುವರಿಸಬೇಕು.

ಹೊಟ್ಟೆ ಒತ್ತುವ ವಿಧಾನವನ್ನು ಒಬ್ಬ ಅಜ್ಜ ಟಿವಿಯಲ್ಲಿ ನೋಡಿದ್ದರು. ಅಮೆರಿಕದ ಹೆನ್ರಿ ಹೈಮ್ಲಿಕ್ ಎಂಬ ವೈದ್ಯರು 1974ರಲ್ಲಿ ಬಳಕೆಗೆ ತಂದ ಕ್ರಮ ಅದು. ವರ್ಷ ದಾಟಿದ ಮಕ್ಕಳಿಗೆ ಬೆನ್ನಿನ ಐದು ಪೆಟ್ಟಿನ ನಂತರ ಅದನ್ನು ಐದು ಸಲ ಮಾಡಬಹುದು. ವರ್ಷದೊಳಗಿನ ಕೂಸಿಗೆ ಕೂಡದು, ಯಕೃತ್ತಿಗೆ ಏಟಾಗುತ್ತದೆ. ಮಗು ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಎದೆ ಒತ್ತಿ 2 ಸಲ ಬಾಯಿಂದ ಉಸಿರು ಕೊಡುತ್ತ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸದಿರಬೇಕು. ಈ ಭಾಗವನ್ನು ಓದಿ ಕಲಿಯಲಾಗದು. ಸೇಂಟ್ ಜಾನ್ ಆಂಬುಲೆನ್ಸ್, ರೆಡ್ ಕ್ರಾಸ್‌ನಂಥವರ ತರಬೇತಿಯಲ್ಲಿ ಕೈಯಾರೆ ಮಾಡಿ ನೋಡಲೇಬೇಕು.

ನಲ್ಲಿಯಲ್ಲಿ ನೀರಿಲ್ಲದಿದ್ದರೆ

ಸುಟ್ಟ ಗಾಯದ ಮಾತು ಬಂದಾಗ ಮಾತ್ರ ಜಗಳವೇ ಆಯಿತು. ಅರಿಸಿನ, ಕಾಫಿ ಪುಡಿ, ತುಪ್ಪ, ಟೂತ್‌ಪೇಸ್ಟ್, ಇವು ಯಾವುವೂ ಬೇಡ ಎಂದಾಗ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು, "ನನ್ನ ಮಗನ ಕೈ ಸುಟ್ಟಾಗ ಅರಿಸಿನಾನೇ ಹಚ್ಚಿದ್ದೆ, ಗುಣ ಆಗಲಿಲ್ಲೇನು?" ಎಂದು ಎದ್ದು ನಿಂತರು. ಸಿಸ್ಟರ್ ವಾದಕ್ಕಿಳಿಯಲಿಲ್ಲ. ಸಣ್ಣ ಸುಟ್ಟ ಗಾಯ ಏನು ಹಚ್ಚಿದರೂ, ಏನೂ ಹಚ್ಚದಿದ್ದರೂ ಮಾಯುತ್ತದೆ. ದೊಡ್ಡ ಗಾಯವಾದಾಗ ಬಣ್ಣದ ಪುಡಿಯ ಕೆಳಗೆ ಚರ್ಮ ಎಷ್ಟು ಆಳಕ್ಕೆ ಬೆಂದಿದೆ ಎಂದು ವೈದ್ಯರಿಗೆ ಕಾಣುವುದಿಲ್ಲ, ನೋಡಬೇಕಾದರೆ ಹಚ್ಚಿದ್ದನ್ನೆಲ್ಲ ಬೆಂದ ಚರ್ಮದಿಂದ ಒರೆಸಿ ತೆಗೆಯಬೇಕು, ಆ ಕೆಲಸ ನಾನು ಮಾಡಿದ್ದೇನೆ, ಆಗ ಮಕ್ಕಳು ಹೇಗೆ ಅಳುತ್ತವೆಂದು ನನಗೆ ಗೊತ್ತು, ಎಂದಷ್ಟೇ ಹೇಳಿದರು. ಅಜ್ಜಿ ಕುಳಿತರು, ಒಪ್ಪಿದರೆಂದು ಹೇಳಲಾರೆ.

ಬೇಕಾದದ್ದು ನೀರು. ಐಸ್ ಅಲ್ಲ, ಹರಿಯುವ ತಣ್ಣೀರು, 20 ನಿಮಿಷ. ಸುಟ್ಟು ಮೂರು ಗಂಟೆಯೊಳಗೆ ಹಾಕಿದರೂ ಪ್ರಯೋಜನವಿದೆ. ಸುಟ್ಟ ಭಾಗವನ್ನಷ್ಟೇ ತಣಿಸಿ ಉಳಿದ ಮೈಯನ್ನು ಬೆಚ್ಚಗಿಡಬೇಕು; ಕೈಗೆ ಬಳೆ ಕಡಗ ಇದ್ದರೆ ಊತ ಬರುವ ಮುನ್ನವೇ ತೆಗೆಯಬೇಕು; ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬಾರದು, ಗುಳ್ಳೆ ಒಡೆಯಬಾರದು; ಆಮೇಲೆ ಒಗೆದ ಹತ್ತಿಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೊರಡಬೇಕು. ಗಂಭೀರವಾದ ಸುಟ್ಟ ಗಾಯಗಳಿಗೆಂದೇ ನವಿ ಮುಂಬಯಿಯ ಐರೋಲಿಯಲ್ಲಿ ನ್ಯಾಷನಲ್ ಬರ್ನ್ಸ್ ಸೆಂಟರ್ ಇದೆ. ಇದನ್ನೆಲ್ಲ ಕೇಳಿಸಿಕೊಂಡ ಮಾವಶಿ ಕೇಳಿದ ಪ್ರಶ್ನೆ ಯಾವ ಸ್ಲೈಡಿನಲ್ಲೂ ಇರಲಿಲ್ಲ: "ಮಧ್ಯಾಹ್ನ ನಲ್ಲಿಯಲ್ಲಿ ನೀರೇ ಇರುವುದಿಲ್ಲವಲ್ಲ?" ತುಂಬಿಟ್ಟ ಡ್ರಮ್ಮಿನಿಂದ ಮಗ್ಗಿನಲ್ಲಿ ಎತ್ತಿ ಧಾರೆ ತುಂಡಾಗದಂತೆ ಹೊಯ್ಯುತ್ತಿರುವುದು, ಕೆಳಗೆ ಟಬ್ ಇಟ್ಟು ಅದೇ ನೀರನ್ನು ಮತ್ತೆ ಹೊಯ್ಯುವುದು. ಶುದ್ಧಿಯ ಯೋಚನೆ ಆಮೇಲಿನದು.

ಆದರೆ ಹೀಗೆ ತುಂಬಿಟ್ಟ ನೀರೇ ಅಂಬೆಗಾಲಿಡುವ ಮಗುವಿಗೆ ಮನೆಯೊಳಗಿನ ದೊಡ್ಡ ಅಪಾಯ. ಆ ವಯಸ್ಸಿನಲ್ಲಿ ಮೈಯ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟ್ಟಿನೊಳಗೆ ಇಣುಕಿ ಮುಗ್ಗರಿಸಿದ ಮಗು ತನ್ನಷ್ಟಕ್ಕೆ ತಲೆ ಎತ್ತಲಾರದು, ಕೂಗಲೂ ಆರದು. ಐದು ಸೆಂಟಿಮೀಟರ್ ನೀರು ಸಾಕು. ನೀರು ಬರುವುದೇ ಎರಡು ಹೊತ್ತಾದ ಊರಿನಲ್ಲಿ ಬಕೆಟ್ ಬೋರಲು ಹಾಕಿಡಿ ಎಂದು ಬೋಧಿಸುವುದು ವ್ಯರ್ಥ. ಬಚ್ಚಲ ಬಾಗಿಲಿಗೆ ಹೊರಗಿನಿಂದ, ಮಗುವಿಗೆ ಎಟುಕದ ಎತ್ತರದಲ್ಲಿ ಚಿಲಕ ಹಾಕಿಸುವುದು, ಡ್ರಮ್ಮಿಗೆ ತಿರುಗಿಸಿ ಬಿಗಿಯುವ ಮುಚ್ಚಳ ಕೊಳ್ಳುವುದು, ಇವು ಆಗುವ ಕೆಲಸಗಳು.

ಕರ್ಪೂರದ ಡಬ್ಬಿ, ಮಾತ್ರೆಯ ಡಬ್ಬಿ

ವಿಷ ಎಂದೊಡನೆ ನಮಗೆ ಫಿನಾಯಿಲ್, ಸೊಳ್ಳೆ ಓಡಿಸುವ ದ್ರವ, ಬಚ್ಚಲು ತೊಳೆಯುವ ಆಸಿಡ್ ನೆನಪಾಗುತ್ತವೆ. ಅಜ್ಜಿಯ ಕೋಣೆಯನ್ನು ಯಾರೂ ನೆನೆಯುವುದಿಲ್ಲ. ದೇವರ ಮುಂದೆ, ನೆಲಮಟ್ಟದಲ್ಲಿ, ಕಲ್ಲುಸಕ್ಕರೆಯ ಪಕ್ಕದಲ್ಲೇ ಇರುವ ಕರ್ಪೂರ ಮಗುವಿನ ಕಣ್ಣಿಗೆ ಮಿಠಾಯಿಯೇ. ಅದರ ಅಲ್ಪ ಪ್ರಮಾಣವೂ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ತರಿಸಬಲ್ಲದು. ಟೀಪಾಯಿಯ ಮೇಲಿನ ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥವು ಒಂದೇ ಒಂದು ಹೊಟ್ಟೆಗೆ ಹೋದರೂ ಪುಟ್ಟ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಅದೂ ಕೆಲವು ಗಂಟೆ ತಡವಾಗಿ. ಮಗು ಆಡಿಕೊಂಡಿದೆ ಎಂದು ನಂಬಿ ಕೂರದೆ ಆಸ್ಪತ್ರೆಗೆ ಒಯ್ಯಬೇಕು. ರಿಮೋಟಿನ ಗುಂಡಿಯಾಕಾರದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡತೊಡಗುತ್ತದೆ. ಏನು ನುಂಗಿದ್ದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಸೀಮೆಎಣ್ಣೆ, ಆಸಿಡ್‌ಗಳು ವಾಂತಿಯಾಗುವಾಗ ಎರಡನೆಯ ಸಲ ಕೆಡುಕು ಮಾಡುತ್ತವೆ. ನುಂಗಿದ ವಸ್ತುವಿನ ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ಹೋಗಬೇಕು. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರಕ್ಕೆ 1800 116 117 ಎಂಬ ಉಚಿತ ಸಂಖ್ಯೆಯಿದೆ.

ಜ್ವರದಲ್ಲಿ ಬರುವ ಫಿಟ್ಸ್ ಬಗ್ಗೆ ಅಜ್ಜಿಯಂದಿರಿಗೆ ಆಶ್ಚರ್ಯವಾದದ್ದು ಮಾಡಬೇಕಾದ ಕೆಲಸ ಎಷ್ಟು ಕಡಿಮೆ ಎಂಬುದು: ಪಕ್ಕಕ್ಕೆ ಹೊರಳಿಸುವುದು, ಗಡಿಯಾರ ನೋಡುವುದು, ಐದು ನಿಮಿಷ ದಾಟಿದರೆ ಆಸ್ಪತ್ರೆ. ಹಲ್ಲುಗಳ ನಡುವೆ ಚಮಚ, ಮೂಗಿಗೆ ಈರುಳ್ಳಿ, ಕೈಗೆ ಬೀಗದ ಕೈ ಯಾವುದೂ ಬೇಡ. ಮೊದಲ ಸಲ ಬಂದದ್ದಾದರೆ ನಿಂತ ಮೇಲೂ ವೈದ್ಯರಿಗೆ ತೋರಿಸಲೇಬೇಕು.

ಬಿದ್ದದ್ದನ್ನು ಹೇಳುವುದು

ತರಗತಿ ಮುಗಿದ ಮೇಲೆ ಮಾವಶಿ ಚಪ್ಪಲಿ ಹಾಕಿಕೊಳ್ಳುತ್ತ ಒಂದು ಮಾತು ಕೇಳಿದರು. ಮಗು ಮಂಚದಿಂದ ಬಿದ್ದು ತಲೆಗೆ ಪೆಟ್ಟಾದರೆ ಮಲಗಲು ಬಿಡಬಹುದೇ? ಎಂದಿನಂತೆ ಆಡುತ್ತಿದ್ದರೆ ಮಲಗಲಿ, ಆಗಾಗ ನೋಡುತ್ತಿರಬೇಕು. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೆ ಸರಿಯಾಗಿ ಏಳದಿದ್ದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ನೀರಿನಂಥದ್ದೋ ಸೋರಿದರೆ ಒಡನೆ ಆಸ್ಪತ್ರೆಗೆ. ವರ್ಷದೊಳಗಿನ ಕೂಸಾದರೆ ಇವು ಯಾವುವೂ ಇಲ್ಲದಿದ್ದರೂ ವೈದ್ಯರಿಗೆ ತೋರಿಸುವುದು ಒಳ್ಳೆಯದು ಎಂದು ಸಿಸ್ಟರ್ ಹೇಳಿದರು. ಮಾವಶಿ ಹೋಗಲಿಲ್ಲ. ಬಿದ್ದದ್ದನ್ನು ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಈ ಲಕ್ಷಣಗಳನ್ನು ರಾತ್ರಿ ನೋಡುವವರು ಯಾರು ಎಂದರು. ಇದು ಅವರೊಬ್ಬರ ಸಂಕಟವಲ್ಲ. ಸೊಸೆ ಏನೆಂದುಕೊಂಡಾಳೋ ಎಂದು ಬಿದ್ದ ಸುದ್ದಿ ನುಂಗಿಕೊಳ್ಳುವ ಅಜ್ಜಿಯಂದಿರೂ ಉಂಟು. ಪೆಟ್ಟಿನ ಲಕ್ಷಣಗಳು ಗಂಟೆಗಳ ನಂತರ, ತಂದೆತಾಯಿ ಮನೆಗೆ ಬಂದ ಮೇಲೆ ಕಾಣಿಸಿಕೊಳ್ಳಬಹುದು, ಆಗ ಅವರಿಗೆ ಬಿದ್ದ ವಿಷಯವೇ ತಿಳಿದಿರುವುದಿಲ್ಲ. ಹೇಳಿದವರನ್ನು ಬೈಯದಿರುವುದು ಈ ಮನೆಗಳ ಮಟ್ಟಿಗೆ ಚಿಕಿತ್ಸೆಯ ಮೊದಲ ಹೆಜ್ಜೆಯೇ ಸರಿ.

ಅಂದು ರಾತ್ರಿ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ, ಪ್ರತಿ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಚೀಟಿಯಲ್ಲಿ ಏನಿರಬೇಕೆಂಬ ಚರ್ಚೆ ನಡೆಯಿತು. ಕಟ್ಟಡದ ಹೆಸರು, ವಿಂಗ್, ಮಹಡಿ, ಆಂಬುಲೆನ್ಸಿನವರಿಗೆ ಗುರುತು ಸಿಗುವ ಹತ್ತಿರದ ದೇವಸ್ಥಾನ, ಇವನ್ನು ಮರಾಠಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುವುದೆಂದಾಯಿತು. ಗಾಬರಿಯಲ್ಲಿ ಸ್ವಂತ ಮನೆಯ ವಿಳಾಸವೂ ಬಾಯಿಗೆ ಬರುವುದಿಲ್ಲ, ಊರಿನಿಂದ ಬಂದ ಅಜ್ಜಿಗಂತೂ ಅದು ಮೊದಲೇ ಬಾಯಿಪಾಠವಿಲ್ಲ. ಅಜ್ಜಿಯ ಫೋನಿನ ಲಾಕ್ ತೆಗೆಯದೆಯೂ ತುರ್ತು ಕರೆ ಮಾಡಲು ಕಲಿಸಬೇಕೆಂದು ಒಬ್ಬರು ಸೇರಿಸಿದರು. ಯಾರಿಗೆ ಮೊದಲು ಫೋನ್ ಮಾಡಬೇಕೆಂಬಲ್ಲಿ ಮಾತ್ರ ತಕರಾರು ಬಂತು. ಸಿಸ್ಟರ್ ಬರೆಸಿದ್ದ ಕ್ರಮದಲ್ಲಿ ಮೊದಲು ಮಹಾರಾಷ್ಟ್ರದಲ್ಲಿ 2014ರಿಂದ ಇರುವ 108, ಆಮೇಲೆ ಮೇಲುಗಡೆ ಕೆಳಗಡೆಯ ಮನೆಯವರು, ಕೊನೆಯಲ್ಲಿ ತಾಯಿ. ತಾಯಂದಿರಲ್ಲಿ ಕೆಲವರಿಗೆ ಇದು ನೋವಾಯಿತು, ಒಬ್ಬಾಕೆ ನೇರವಾಗಿಯೇ ಆಕ್ಷೇಪಿಸಿದಳು. ಲೋಕಲಿನ ನೂಕುನುಗ್ಗಲಿನಲ್ಲಿ ಬ್ಯಾಗಿನೊಳಗಿನ ಫೋನು ತನಗೆ ಎಷ್ಟೋ ಸಲ ಕೇಳಿಸುವುದೇ ಇಲ್ಲವೆಂದು ಮತ್ತೊಬ್ಬಾಕೆ ಬರೆದ ಮೇಲೆ, ಚೀಟಿ ಸಿಸ್ಟರ್ ಹೇಳಿದ ಕ್ರಮದಲ್ಲೇ ಅಚ್ಚಾಯಿತು.